ಹಾಜರಾತಿಯ ನಕಲು

ನಾನು ಕೋರ್ಟಿಗೆ ಹೋಗಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಏಪ್ರಿಲ್ ಹನ್ನೊಂದು. ಲ್ಯಾಥಮ್ ಕೌಂಟಿಯ ಟ್ರಾಫಿಕ್ ಕೋರ್ಟು. ಬೆಳಿಗ್ಗೆ ಎಂಟಕ್ಕೆ ಹೋಗಿ ಮೂರನೇ ಸಾಲಿನ ಬೆಂಚಿನಲ್ಲಿ ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಉಚ್ಚೆ ಕಟ್ಟಿಕೊಂಡು ಕೂತಿದ್ದೆ. ನಾನು ಎದ್ದು ಹೋದಾಗಲೇ ಹೆಸರು ಕೂಗಿಬಿಟ್ಟರೆ? ಕೂಗಿದರು. ಎದ್ದು ನಿಂತೆ. ಜಡ್ಜು ನನ್ನ ಮುಖ ನೋಡಲಿಲ್ಲ.

"ಕಾರಿನ ಹಿಂದಿನ ದೀಪ ಸರಿ ಮಾಡಿಸಿದ್ಯಾ?"

"ಮಾಡಿಸಿದೀನಿ ಸರ್. ಗ್ಯಾರೇಜಿನ ಚೀಟಿ ಇದೆ."

"ಕೇಸು ವಜಾ. ಮುಂದಿನವರು."

ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಾಗಿಲು ಕಾಯುತ್ತಿದ್ದ ಪೊಲೀಸಿನವನು, ಡೆಪ್ಯುಟಿ, ನನ್ನ ಕೈಯಲ್ಲಿದ್ದ ಟ್ರಾಫಿಕ್ ಟಿಕೆಟ್ಟನ್ನು ಕಿತ್ತುಕೊಂಡು ಡಬ್ಬಿಯೊಂದಕ್ಕೆ ಹಾಕಿದ. ನಾನು ಹೊರಗೆ ಬಂದೆ. ಮುಗಿಯಿತು ಅಂದುಕೊಂಡೆ.

ಆಗಸ್ಟಿನಲ್ಲಿ ರಾಜ್ಯದ ಲೈಸೆನ್ಸ್ ಕಚೇರಿಯಿಂದ ಕಾಗದ ಬಂತು. ಟಪಾಲು ಡಬ್ಬಿಯ ಹತ್ತಿರವೇ ನಿಂತು ಓದಿದೆ. ಲೂರೇತಾ ಟಲಿಯಫೆರೊ ಎಂಬ ನಾನು ಏಪ್ರಿಲ್ ಹನ್ನೊಂದರಂದು ಕೋರ್ಟಿಗೆ ಹಾಜರಾಗಿಲ್ಲವಂತೆ. ಆದ್ದರಿಂದ ನನ್ನ ಲೈಸೆನ್ಸು ರದ್ದಂತೆ. ತಕರಾರಿದ್ದರೆ ಕೌಂಟಿ ಕೋರ್ಟಿನಿಂದ ಮೊಹರು ಒತ್ತಿದ ನಕಲು ತರಬೇಕಂತೆ.

ನನ್ನ ಕೆಲಸ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು. ದಿನಕ್ಕೆ ನಾಲ್ಕು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ಮೈಲಿ. ನಮ್ಮ ಕಡೆ ಬಸ್ಸಿಲ್ಲ. ಎತ್ತುವುದು, ಮಗ್ಗುಲು ಬದಲಿಸುವುದು, ಒರೆಸುವುದು, ತೊಳೆಯುವುದು. ಕೊನೆಯ ಮನೆ ಮುದುಕ ಬ್ಯಾಸ್ಕಮ್‌ದು. ಸೊಂಟದ ಕೆಳಗೆ ಜೀವವಿಲ್ಲ. ನನಗಿಂತ ಒಂದೂವರೆ ಪಟ್ಟು ಭಾರ. ಆಗಾಗ ಹೊರಳಿಸದಿದ್ದರೆ ಬೆನ್ನು ಕೊಳೆಯುತ್ತದೆ. ನಾನು ನೋಡಿಕೊಂಡ ಆರು ವರ್ಷದಲ್ಲಿ ಅವನ ಬೆನ್ನಿನ ಮೇಲೆ ಒಂದು ಹುಣ್ಣೂ ಏಳಲಿಲ್ಲ. ನನ್ನ ಎಡ ಭುಜ ಮಾತ್ರ ಈಗ ಕಿವಿಯವರೆಗೆ ಎತ್ತಲಾಗುವುದಿಲ್ಲ.

ನನ್ನನ್ನು ಮನೆಗಳಿಗೆ ಕೆಲಸಕ್ಕೆ ಕಳಿಸುವ ಏಜೆನ್ಸಿಯವಳು ಫೋನಿನಲ್ಲಿ ಹೇಳಿದಳು. "ಲೈಸೆನ್ಸ್ ಇಲ್ದೆ ನಿನ್ನ ಮನೆಗಳಿಗೆ ಕಳಿಸೋಕಾಗಲ್ಲ ಲೂರೇತಾ. ಸರಿ ಮಾಡಿಸ್ಕೊಂಡು ಬಾ."

ಅಲ್ಲಿಯವರೆಗೆ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಹೇಲು ಮೆತ್ತಿದ ಹೊದಿಕೆಗಳನ್ನು ಕೊಡವಿ ಯಂತ್ರಕ್ಕೆ ತುರುಕುವುದು. ಬಿಸಿ ಹಬೆ. ಸಂಜೆಗೆ ಬೆರಳ ತುದಿಗಳು ಬೇಯಿಸಿದ ಹಾಗೆ ಬೆಳ್ಳಗಾಗುತ್ತಿದ್ದವು. ಮನೆಯಿಂದ ಅಲ್ಲಿಗೆ ಐದು ಮೈಲಿ. ಹೆದ್ದಾರಿಯ ಅಂಚಿನಲ್ಲಿ ನಡೆಯಬೇಕು. ಮರದ ದಿಮ್ಮಿ ಹೇರಿದ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿಯೇ ಚರಂಡಿಗೆ ನೂಕುತ್ತದೆ. ನನ್ನ ಕಾರು ಅಂಗಳದಲ್ಲಿ ನಿಂತಿತ್ತು, ಹೊಸ ದೀಪ ಹಾಕಿಸಿಕೊಂಡು.

ಕೋರ್ಟಿನಲ್ಲಿ ನಕಲು ಕೊಡುವ ಕಿಟಕಿ ತೆಗೆಯುವುದು ಮಂಗಳವಾರ ಮಾತ್ರ, ಒಂಬತ್ತರಿಂದ ಹನ್ನೆರಡರವರೆಗೆ. ಒಂದು ಮಂಗಳವಾರ ರಜೆ ಕೇಳಿ, ಏಳು ಮೈಲಿ ನಡೆದು ಹೋದೆ. ಗಾಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಕೇಟ್ಲಿನ್ ಎಂದಿತ್ತು. ನನಗಿಂತ ಮುಂದಿದ್ದ ಬಿಳಿ ಹೆಂಗಸಿಗೆ "ಹೇಳಿ ಮ್ಯಾಮ್" ಅಂದಳು. ನನ್ನ ಸರದಿ ಬಂತು.

"ಏನು ಬೇಕು ಹನಿ?"

ಮ್ಯಾಮ್ ಅಲ್ಲ, ಹನಿ. ಚಿಕ್ಕವರನ್ನು ಮುದ್ದಿಗೆ ಕರೆಯುವ ಮಾತು. ನನಗೆ ನಲವತ್ತಾರು. ಅವಳಿಗೆ ಇಪ್ಪತ್ತಮೂರು ಇರಬಹುದು.

"ನನ್ನ ಕೇಸಿನ ನಕಲು ಬೇಕು. ವಜಾ ಆಗಿರೋದು."

ಅವಳು ನನ್ನ ಗುರುತಿನ ಚೀಟಿ ನೋಡಿ ಕಂಪ್ಯೂಟರಿನಲ್ಲಿ ಹೆಸರು ಒತ್ತಿದಳು. "ಟಲಿಯಫೆರೊ, ಲೂರೇತಾ. ಒಂದೇ ಕೇಸು. ವಜಾ ಆಗಿಲ್ಲ. ನೀನು ಬಂದೇ ಇಲ್ಲ ಅಂತಿದೆ."

"ಬಂದಿದ್ದೆ. ಇದೇ ಕಟ್ಟಡ. ಮೇಲಿನ ಮಹಡಿ."

"ಬಂದಿದ್ರೆ ಬಂದಿದಾಳೆ ಅಂತ ಇರ್ತಿತ್ತು."

"ಹಾಗಂತ ಇರೋ ಕಾಗದಕ್ಕೇ ಬಂದಿರೋದು ನಾನು."

"ಅದರ ಕೇಸ್ ನಂಬರ್ ಕೊಡು, ತೆಕ್ಕೊಡ್ತೀನಿ."

"ನಂಬರ್ ಟಿಕೆಟ್ ಮೇಲಿತ್ತು. ಟಿಕೆಟ್ಟು ನಿಮ್ಮ ಡೆಪ್ಯುಟಿನೇ ಇಸ್ಕೊಂಡ."

"ಹಾಗಾದ್ರೆ ಅದು ಕಡತದಲ್ಲಿರತ್ತೆ."

"ಕಡತ ತೆಗೀರಿ ಮತ್ತೆ."

"ನಂಬರ್ ಇಲ್ದೆ ಹೇಗೆ ತೆಗೀಲಿ ಹನಿ?" ಎಂದು ನಕ್ಕಳು. ಕೆಟ್ಟ ನಗು ಅಲ್ಲ. ದಿನಕ್ಕೆ ಇಪ್ಪತ್ತು ಜನಕ್ಕೆ ನಗುವ ನಗು. ಅದೇ ನನ್ನ ಮೈ ಉರಿಸಿತು. ಮೂಲೆಯ ಕಡೆ ಬೆರಳು ತೋರಿಸಿದಳು. "ಅಲ್ಲಿ ಸಾರ್ವಜನಿಕರ ಕಂಪ್ಯೂಟರ್ ಇದೆ. ನೀನೇ ಹುಡುಕ್ಕೋ. ಯಾರು ಬೇಕಾದ್ರೂ ಹುಡುಕ್ಬೋದು."

ಅದು ನಿಂತುಕೊಂಡೇ ನೋಡಬೇಕಾದ ಯಂತ್ರ. ಹೆಸರು ಹಾಕಬೇಕು, ವರ್ಷ ಹಾಕಬೇಕು. ಟಲಿಯಫೆರೊ ಎಂದು ಹಾಕಿದೆ. ಅದೇ ಸಾಲು ಬಂತು. ಹಾಜರಾಗಿಲ್ಲ. ಇನ್ನೊಮ್ಮೆ ಹಾಕಿದೆ. ಹಾಜರಾಗಿಲ್ಲ. ಹನ್ನೆರಡು ಹೊಡೆಯಿತು. ಕಿಟಕಿಯ ಪರದೆ ಇಳಿಯಿತು. ಏಳು ಮೈಲಿ ವಾಪಸು ನಡೆದೆ.

ಮುಂದಿನ ಮಂಗಳವಾರ ಮತ್ತೆ ಹೋದೆ. ಅದರ ಮುಂದಿನ ಮಂಗಳವಾರವೂ. ಮೂರನೇ ಸಲ ಯಂತ್ರದ ಮುಂದೆ ನಿಂತಿದ್ದಾಗ, ನೆಲ ಒರೆಸುತ್ತಿದ್ದ ಯೂಲಿಸ್ ಹತ್ತಿರ ಬಂದ. ನಮ್ಮ ಚರ್ಚಿನವನೇ; ಅಲ್ಲಿ ನಾವು ಒಬ್ಬರನ್ನೊಬ್ಬರು ಸಿಸ್ಟರ್, ಬ್ರದರ್ ಎಂದೇ ಕರೆಯುವುದು. ಮೂವತ್ತು ವರ್ಷದಿಂದ ಆ ಕಟ್ಟಡದ ನೆಲ ಒರೆಸಿದ್ದಾನೆ. ತಲೆ ಎತ್ತದೆ ಮಾತಾಡುವುದು ಅವನಿಗೆ ಅಭ್ಯಾಸ.

"ಸಿಸ್ಟರ್ ಟಾಲಿವರ್, ಕಾಗದದಲ್ಲಿರೋ ಹೆಸರು ಹಾಕ್ಬೇಡ. ಬಾಯಲ್ಲಿ ಕರೆಯೋ ಹೆಸರು ಹಾಕು."

ನಮ್ಮ ಹೆಸರನ್ನು ಬರೆಯುವುದು ಟಲಿಯಫೆರೊ. ಕರೆಯುವುದು ಟಾಲಿವರ್. ಇದು ಈ ಸೀಮೆಯಲ್ಲಿ ನಾಯಿಗೂ ಗೊತ್ತು. ನಮ್ಮ ಮನೆತನದ ಮುತ್ತಜ್ಜರನ್ನು ಗುಲಾಮರಾಗಿ ಕೊಂಡಿದ್ದ ಬಿಳಿ ಧಣಿಗಳ ಹೆಸರು ಅದು. ಅವರು ಹಾಗೆ ಕರೆದುಕೊಳ್ಳುತ್ತಿದ್ದರು, ನಮಗೂ ಹಾಗೇ ಅಂಟಿತು.

ಟಾಲಿವರ್ ಎಂದು ಹಾಕಿದೆ.

ಬಂತು. ಟಾಲಿವರ್, ಲೂರೇತಾ. ಅದೇ ತಾರೀಖು. ಅದೇ ಕಾರಿನ ನಂಬರು. ಹಾಜರು. ವಜಾ.

ಆಗ ನನಗೆ ನಡೆದದ್ದು ಅರ್ಥವಾಯಿತು. ಮಾರ್ಚಿನಲ್ಲಿ ನನ್ನ ಕಾರು ನಿಲ್ಲಿಸಿದವರು ಇಬ್ಬರು ಪೊಲೀಸರು. ಒಬ್ಬ ನನ್ನ ಲೈಸೆನ್ಸು ತೆಗೆದುಕೊಂಡು ತಮ್ಮ ಗಾಡಿಗೆ ಹೋಗಿ ಅದರಲ್ಲಿದ್ದ ಹೆಸರನ್ನು ಕಂಪ್ಯೂಟರಿಗೆ ಹಾಕಿದ. ಇನ್ನೊಬ್ಬ ನನ್ನ ಕಿಟಕಿಯ ಹತ್ತಿರ ನಿಂತು ಹೆಸರು ಕೇಳಿದ. ಹೇಳಿದೆ. ಕಿವಿಗೆ ಬಿದ್ದ ಹಾಗೆ ಟಿಕೆಟ್ಟಿನ ಮೇಲೆ ಬರೆದುಕೊಂಡ. ಒಂದು ದೀಪಕ್ಕೆ ಎರಡು ಕೇಸು ಹುಟ್ಟಿದವು. ಟಾಲಿವರ್ ಕೋರ್ಟಿಗೆ ಬಂದಳು, ಬಿಡುಗಡೆಯಾದಳು. ಟಲಿಯಫೆರೊ ಬರಲಿಲ್ಲ. ಎಲ್ಲಿಂದ ಬರುತ್ತಾಳೆ? ಅವಳು ಅದೇ ಬೆಂಚಿನ ಮೇಲೆ ಕೂತಿದ್ದಳಲ್ಲ.

ನಂಬರು ಬರೆದುಕೊಂಡು ಕಿಟಕಿಗೆ ಓಡಿದೆ. ಕೇಟ್ಲಿನ್ ಅರ್ಜಿ ಕೊಟ್ಟಳು. ತುಂಬಿ, ಶುಲ್ಕ ಕಟ್ಟಿದೆ. ಹತ್ತು ಕೆಲಸದ ದಿನ ಬಿಟ್ಟು ಬಾ ಅಂದಳು. ಆ ಹತ್ತು ದಿನ ನಾನು ಹೊದಿಕೆ ಕೊಡವುತ್ತಾ ಹಾಡು ಗುನುಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಗಿದ್ದೆ. ಬ್ಯಾಸ್ಕಮ್‌ನ ಮಗಳು ಫೋನ್ ಮಾಡಿ, "ಲೂರೇತಾ, ಅಪ್ಪನ ಬೆನ್ನಲ್ಲಿ ಎರಡು ಕಡೆ ಹುಣ್ಣಾಗಿದೆ. ಹೊಸಬಳಿಗೆ ಎತ್ತೋಕಾಗಲ್ಲ. ನೀನು ಯಾವಾಗ ಬರ್ತೀಯ?" ಅಂದಾಗ, ತಿಂಗಳೊಳಗೆ ಬರುತ್ತೇನೆ ಅಂದುಬಿಟ್ಟೆ.

ಅಕ್ಟೋಬರ್ ಎರಡನೇ ಮಂಗಳವಾರ ನಕಲು ಕೈಗೆ ಬಂತು. ಒಂದೇ ಹಾಳೆ. ಕೆಳಗೆ ಉಬ್ಬು ಮೊಹರು. ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. ಅದನ್ನು ಹಿಡಿದು ಅದೇ ಸಾಲಿನ ಇನ್ನೊಂದು ಕಿಟಕಿಗೆ ಹೋದೆ. ರದ್ದಾದ ಲೈಸೆನ್ಸಿಗೆ ಬಿಡುಗಡೆ ಪತ್ರ ಬರೆದುಕೊಡುವುದು ಅಲ್ಲಿ. ಕೂತಿದ್ದವಳು ಮಿಸೆಸ್ ಪ್ರೂಯಿಟ್, ಹಿರಿಯ ಗುಮಾಸ್ತೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಾಳೆ ನೋಡಿದಳು.

"ಇದು ಟಾಲಿವರ್ ಅನ್ನೋಳದ್ದು. ನಿನ್ನ ಲೈಸೆನ್ಸಲ್ಲಿ ಟಲಿಯಫೆರೊ ಅಂತಿದೆ."

"ಎರಡೂ ನಾನೇ ಮ್ಯಾಮ್."

"ಅದನ್ನ ನೀನು ಹೇಳಿದ್ರೆ ಆಗಲ್ಲ. ಪ್ರಮಾಣ ಮಾಡ್ಬೇಕು." ಡ್ರಾಯರಿನಿಂದ ಒಂದು ಫಾರಂ ತೆಗೆದು ಗಾಜಿನ ಕೆಳಗೆ ತಳ್ಳಿದಳು. "ಸಹಿ ಹಾಕು. ಹತ್ತು ದಿನಕ್ಕೆ ಲೈಸೆನ್ಸ್ ವಾಪಸ್ಸು."

ಪೆನ್ನನ್ನು ಮಣಿಗಳ ಸರಪಳಿಯಲ್ಲಿ ಕಟ್ಟಿದ್ದರು. ಕೈಗೆ ತೆಗೆದುಕೊಂಡೆ. ಹತ್ತು ದಿನ. ಬ್ಯಾಸ್ಕಮ್‌ನ ಬೆನ್ನು. ಅಂಗಳದಲ್ಲಿ ನಿಂತ ಕಾರು. ಹೆಸರಿನ ಮೊದಲ ಅಕ್ಷರ ಬರೆಯಲು ಬಗ್ಗಿದೆ.

ಬೆನ್ನ ಹಿಂದೆ ಬಕೆಟ್ಟಿನ ಗಾಲಿ ಕಿರುಗುಟ್ಟಿತು. ಯೂಲಿಸ್ ನೆಲ ನೋಡುತ್ತಲೇ ಹೇಳಿದ. "ನಿಮ್ಮ ಕಾರ್ಡೆಲ್ ಕೂಡ ಅದೇ ಪೆನ್ನಲ್ಲಿ ಸಹಿ ಹಾಕಿದ್ದ, ಸಿಸ್ಟರ್."

ಕಾರ್ಡೆಲ್ ನನ್ನ ಗಂಡನ ತಮ್ಮನ ಮಗ. ಇಪ್ಪತ್ತಾರು ವರ್ಷ. ಮನೆಗಳಿಗೆ ಛಾವಣಿ ಹಾಕುವ ಕೆಲಸ. ಆಗ ಅವನು ಕೌಂಟಿ ಜೈಲಿನಲ್ಲಿದ್ದ. ತೊಂಬತ್ತು ದಿನ. ಯಾಕೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಕೇಳುವುದೇನಿದೆ, ಗೊತ್ತೇ ಇದೆ ಅಂದುಕೊಂಡಿದ್ದೆ. ಹಿಂದಿನ ವರ್ಷ ಅವನ ಲೈಸೆನ್ಸೂ ರದ್ದಾಗಿತ್ತು, ಕೋರ್ಟಿಗೆ ಹೋಗಲಿಲ್ಲವೆಂದು. ನನ್ನ ವಾರಗಿತ್ತಿ ವಿಲೋಡೀನಳ ಮನೆಯ ಭಾನುವಾರದ ಊಟದಲ್ಲಿ ಅವನು ಕೈಯಲ್ಲಿದ್ದ ಜೋಳದ ರೊಟ್ಟಿ ತಟ್ಟೆಗೆ ಹಾಕಿ, "ಅಮ್ಮಾ, ದೊಡ್ಡಮ್ಮಾ, ನಾನು ಹೋಗಿದ್ದೆ, ದೇವರಾಣೆ ಹೋಗಿದ್ದೆ" ಅಂದ.

"ಕೋರ್ಟಿನ ಕಾಗದ ಸುಳ್ಳು ಹೇಳತ್ತೇನೋ?" ಎಂದವಳು ನಾನು. ಎಲ್ಲರ ಮುಂದೆ.

ವಿಲೋಡೀನಳಿಗೂ ಹೇಳಿದೆ. "ಇವನನ್ನ ಸ್ವಲ್ಪ ದಿನ ಹೊರಗೆ ಹಾಕು. ಬುದ್ಧಿ ಬರ್ಲಿ."

ಅವಳು ಹಾಕಿದಳು. ಅವನ ಬಟ್ಟೆ ಎರಡು ಚೀಲದಲ್ಲಿ ತುಂಬಿ ಜಗಲಿಯ ಮೇಲಿಟ್ಟಳು.

ನನ್ನ ಕಾಗದ ಬಂದಾಗಲೂ ನನಗೆ ಅವನ ನೆನಪಾಗಲಿಲ್ಲ. ನನಗೆ ಆದದ್ದು ಕೋರ್ಟಿನ ತಪ್ಪು. ಅವನಿಗೆ ಆದದ್ದು ಅವನ ತಪ್ಪು. ಹಾಗೇ ಅಂದುಕೊಂಡಿದ್ದೆ.

ಪೆನ್ನು ಕೆಳಗಿಟ್ಟೆ. "ಒಂದು ನಿಮಿಷ ಮ್ಯಾಮ್" ಎಂದು ಫಾರಂ ಹಿಡಿದು ಮೂಲೆಯ ಯಂತ್ರಕ್ಕೆ ಹೋದೆ. ಟಾಲಿವರ್, ಕಾರ್ಡೆಲ್ ಎಂದು ಹಾಕಿದೆ.

ಹಾಜರು. ವಜಾ.

ಟಲಿಯಫೆರೊ, ಕಾರ್ಡೆಲ್. ಹಾಜರಾಗಿಲ್ಲ. ಲೈಸೆನ್ಸ್ ರದ್ದು.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಪೊಲೀಸ್ ಅಧಿಕಾರಿಗೆ ಸುಳ್ಳು ಹೆಸರು ಹೇಳಿದ ಅಪರಾಧ. ಸಾಕ್ಷಿ: ಆರೋಪಿಯೇ ಸಹಿ ಮಾಡಿದ ಪ್ರಮಾಣಪತ್ರ. ಶಿಕ್ಷೆ: ತೊಂಬತ್ತು ದಿನ.

ನಾನು ಅಲ್ಲೇ ನನ್ನ ಕೈಯಲ್ಲಿದ್ದ ಫಾರಂ ಓದಿದೆ. ಮೊದಲ ಸಲ ಓದಿದೆ. ಮೂರನೇ ಸಾಲು ಹೀಗಿತ್ತು: "ಮೇಲ್ಕಂಡ ದಿನಾಂಕದಂದು ನಾನು ಪೊಲೀಸ್ ಅಧಿಕಾರಿಗೆ ನನ್ನ ಕಾನೂನುಬದ್ಧ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ನೀಡಿರುತ್ತೇನೆ."

ಕಾರ್ಡೆಲ್ ಓದಿರಲಿಕ್ಕಿಲ್ಲ. ಹತ್ತು ದಿನ ಅಂದಿರುತ್ತಾರೆ. ಅವನ ಕಣ್ಣ ಮುಂದೆ ಏಣಿ, ಛಾವಣಿ, ವಾರದ ಕೂಲಿ ಬಂದಿರುತ್ತದೆ. ಬರೆದಿರುತ್ತಾನೆ.

ಮತ್ತೆ ಕಿಟಕಿಗೆ ಹೋದೆ. ಸಾಲಿನಲ್ಲಿ ನಾಲ್ಕು ಜನ ಸೇರಿಕೊಂಡಿದ್ದರು. ಕಾದೆ. ಸರದಿ ಬಂದಾಗ ಫಾರಮ್ಮನ್ನು ಗಾಜಿನ ಕೆಳಗೆ ವಾಪಸು ತಳ್ಳಿದೆ.

"ಸಹಿ ಎಲ್ಲಿ?" ಎಂದಳು ಮಿಸೆಸ್ ಪ್ರೂಯಿಟ್.

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ. ಬೇರೆ ಹೆಸರು ಹೇಳ್ಲಿಲ್ಲ ನಾನು. ನನ್ನ ಹೆಸರು ಹೇಳ್ದೆ. ತಪ್ಪು ಬರ್ಕೊಂಡೋನು ಅವನು. ಆ ಸಾಲು ಹೊಡೆದು, ಪೊಲೀಸಿನವನು ತಪ್ಪು ಬರೆದ ಅಂತ ಬರೀರಿ. ಈಗ್ಲೇ ಹಾಕ್ತೀನಿ."

"ಫಾರಂ ತಿದ್ದೋ ಹಾಗಿಲ್ಲ."

"ನನ್ನ ಹೆಸರೂ ತಿದ್ದೋ ಹಾಗಿಲ್ಲ."

ಅವಳ ಮುಖ ಕೆಂಪಾಯಿತು. "ನೋಡು ಲೂರೇತಾ, ಇದು ಬರೀ ಒಂದು ಪದ್ಧತಿ. ಇಲ್ಲಿ ಯಾರೂ ನಿನ್ನ ಕಳ್ಳಿ ಅಂತಿಲ್ಲ. ಹೆಸರು ಎರಡಿದ್ರೆ ಕಾಗದದಲ್ಲಿ ಹಾಗೇ ಬರೆಯೋದು."

"ಮಿಸೆಸ್ ಟಾಲಿವರ್ ಅನ್ನಿ. ನಾನು ನಿಮ್ಮನ್ನ ಹೆಸರು ಹಿಡಿದು ಕರೆದಿಲ್ಲ."

ನನ್ನ ಬಾಯಿ ಅಲ್ಲಿಗೆ ನಿಲ್ಲಲಿಲ್ಲ.

"ಒಂದು ಮಾತು ಹೇಳಿ ಮ್ಯಾಮ್. ಈ ಕಟ್ಟಡಕ್ಕೆ ಏನಂತ ಹೆಸರು?"

"ಟಾಲಿವರ್ ಬಿಲ್ಡಿಂಗ್. ಯಾಕೆ?"

"ಬಾಗಿಲ ಮೇಲೆ ಏನು ಕೆತ್ತಿದೆ?"

ಅದನ್ನು ಅವಳು ಹೇಳಬೇಕಾಗಿರಲಿಲ್ಲ. ಅಲ್ಲಿದ್ದವರೆಲ್ಲ ಅದರ ಕೆಳಗೇ ಹಾದು ಬಂದಿದ್ದರು. ಕಲ್ಲಿನಲ್ಲಿ, ಗೇಣುದ್ದದ ಅಕ್ಷರದಲ್ಲಿ, ಜಡ್ಜ್ ಟಲಿಯಫೆರೊ ಭವನ. ನೂರು ವರ್ಷದ ಹಿಂದಿನ ಆ ಬಿಳಿ ಜಡ್ಜನ್ನು ಜನ ಕರೆಯುತ್ತಿದ್ದದ್ದು ಟಾಲಿವರ್. ಅವನ ಮನೆಯವರನ್ನು ಈಗಲೂ ಹಾಗೇ ಕರೆಯುತ್ತಾರೆ.

"ಆ ಜಡ್ಜು ಯಾವತ್ತಾದ್ರೂ ಈ ಫಾರಮ್ಮಿಗೆ ಸಹಿ ಹಾಕಿದ್ನಾ? ಅವನ ಮೊಮ್ಮಕ್ಕಳು ಹಾಕಿದಾರಾ? ಒಂದು ನಕಲು ತೋರ್ಸಿ. ಶುಲ್ಕ ಕಟ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಸೆಸ್ ಪ್ರೂಯಿಟ್ ಫೋನ್ ಎತ್ತಿದಳು. ಡೆಪ್ಯುಟಿ ಬಂದ. ನನ್ನ ತೋಳು ಹಿಡಿದ. ಎಡ ತೋಳು, ನೋಯುವ ಭುಜ.

"ನಡಿಯಮ್ಮ. ಗಲಾಟೆ ಬೇಡ."

"ನಡೀತಾನೇ ಇದೀನಿ, ಎರಡು ತಿಂಗಳಿಂದ. ಕೈ ಬಿಡು."

ಬಿಡಲಿಲ್ಲ. ಮೆಟ್ಟಿಲಿನವರೆಗೆ ಎಳೆದುಕೊಂಡು ಬಂದು ಬಿಟ್ಟ. ಆ ವಾರ ಮತ್ತೆ ಒಳಗೆ ಬಂದರೆ ಅತಿಕ್ರಮಣದ ಕೇಸು ಹಾಕುತ್ತೇನೆ ಅಂದ. ಯಾವ ಹೆಸರಿಗೆ ಹಾಕುತ್ತೀಯಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಉಸಿರು ಸಾಲದಾಗಿತ್ತು. ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಯೂಲಿಸ್ ಕಸದ ಚೀಲ ಹೊತ್ತು ಹೊರಗೆ ಬಂದ. ನನ್ನ ಪಕ್ಕ ಹಾದು ಹೋಗುವಾಗ ಮಡಿಸಿದ ಹಾಳೆಯೊಂದು ನನ್ನ ಮಡಿಲಿಗೆ ಬಿತ್ತು.

"ಕಾರ್ಡೆಲ್‌ದು. ಆ ಕಂಪ್ಯೂಟರಿಂದ ತೆಗೆಸ್ಕೊಂಡೆ. ಯಾರು ಬೇಕಾದ್ರೂ ತೆಗೀಬೋದಂತಲ್ಲ. ಮೊಹರಿಲ್ಲ. ಓದೋಕಂತೂ ಬರತ್ತೆ."

"ಬ್ರದರ್ ಯೂಲಿಸ್, ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅವನು ಅವತ್ತು ಬೆಂಚಿನ ಮೇಲೆ ಕೂತಿದ್ದನ್ನ ನೋಡಿದೀನಿ. ಬಿಳಿ ಅಂಗಿ ಹಾಕ್ಕೊಂಡಿದ್ದ." ಅವನು ಮೊದಲ ಸಲ ಮುಖ ಎತ್ತಿದ. "ನನ್ನ ಯಾರು ಕೇಳಿದ್ರು ಸಿಸ್ಟರ್? ನೀವು ಮನೆಯವರೂ ಕೇಳ್ಲಿಲ್ಲ."

ಎದ್ದು ಹೆದ್ದಾರಿ ಹಿಡಿದೆ. ಬಿಸಿಲು ಏರಿತ್ತು. ಬೆಳಿಗ್ಗೆ ಕಟ್ಟಿಕೊಂಡು ಬಂದಿದ್ದ ಬಿಸ್ಕೆಟ್ಟು ಚೀಲದಲ್ಲೇ ಇತ್ತು. ಎರಡು ಮೈಲಿ ದಾಟಿದ ಮೇಲೆ ಮುಂದೆ ಕಿತ್ತಳೆ ಬಣ್ಣದ ಅಂಗಿಗಳು ಕಂಡವು. ಜೈಲಿನವರು. ಚರಂಡಿಯ ಹುಲ್ಲು ಸವರುತ್ತಾ ಕಸ ಆಯುತ್ತಾ ಹತ್ತು ಹನ್ನೆರಡು ಜನ. ಹಿಂದೆ ವ್ಯಾನು. ವ್ಯಾನಿಗೆ ಒರಗಿ ಬಂದೂಕಿನ ಕಾವಲಿನವನು.

ಇದೇ ಜನರನ್ನು ನಾನು ಎಷ್ಟೋ ಸಲ ಕಾರಿನಲ್ಲಿ ದಾಟಿ ಹೋಗಿದ್ದೇನೆ. ಗಾಜು ಏರಿಸಿಕೊಂಡು. ನಡೆದುಕೊಂಡು ಹೋಗುವಾಗ ಮುಖ ಕಾಣುತ್ತದೆ.

ಕೊನೆಯಿಂದ ಮೂರನೆಯವನು ಕಾರ್ಡೆಲ್. ಬಗ್ಗಿ ಹುಲ್ಲು ಸವರುತ್ತಿದ್ದ. ಕುತ್ತಿಗೆ ಸಣ್ಣಗಾಗಿತ್ತು. ಅಂಗೈಗೆ ಚಿಂದಿ ಸುತ್ತಿಕೊಂಡಿದ್ದ.

ರಸ್ತೆಯ ಈ ಬದಿಯಲ್ಲಿ ನಾನು ನಿಂತೆ.

"ಅಮ್ಮಾ, ನಡೀತಾ ಇರು! ಕೈದಿಗಳ ಹತ್ರ ಮಾತಾಡೋ ಹಾಗಿಲ್ಲ!" ಕಾವಲಿನವನು ಕೂಗಿದ.

ನಾನು ಹಾಳೆ ಬಿಡಿಸಿದೆ. ಮಾತಾಡಲಿಲ್ಲ. ಓದಿದೆ. ಚರ್ಚಿನಲ್ಲಿ ಓದುವ ಗಂಟಲಿನಲ್ಲಿ, ಲಾರಿಗಳ ಸದ್ದಿನ ಮೇಲೆ, ಇದ್ದಷ್ಟನ್ನೂ ಓದಿದೆ. ಟಾಲಿವರ್, ಕಾರ್ಡೆಲ್. ಛಾವಣಿ ಕೆಲಸ. ತಾರೀಖು. ಕೇಸಿನ ನಂಬರು. ಹಾಜರಿದ್ದ. ವಜಾ.

ಕಾರ್ಡೆಲ್ ಸೊಂಟ ನೆಟ್ಟಗೆ ಮಾಡಿದ. ಉಳಿದವರೂ ಕುಡುಗೋಲು ನಿಲ್ಲಿಸಿದರು. ನಾನು ಅವನ ಮುಖದಲ್ಲಿ ಏನನ್ನು ಹುಡುಕುತ್ತಿದ್ದೆ ಅಂತ ಈಗ ಗೊತ್ತು. ಅವನು ಖುಷಿಪಡಲಿ ಅಂತ ಕಾಯುತ್ತಿದ್ದೆ. ನಾನೇನೋ ತಂದುಕೊಟ್ಟೆ ಅಂದುಕೊಂಡಿದ್ದೆ.

"ನಂಗೊತ್ತಿತ್ತು ದೊಡ್ಡಮ್ಮಾ," ಅಂದ. ಗಟ್ಟಿಯಾಗಿಯೇ ಅಂದ, ಸಿಟ್ಟಿಲ್ಲದೆ. "ನಾನು ಹೋಗಿದ್ದೆ ಅಂತ ನಂಗೊತ್ತಿತ್ತು. ನಿಮಗೇ ಗೊತ್ತಿರ್ಲಿಲ್ಲ."

ಕಾವಲಿನವನು ಅವನ ಹತ್ತಿರ ಬಂದು ಏನೋ ಹೇಳಿದ. ಕಾರ್ಡೆಲ್ ಮತ್ತೆ ಬಗ್ಗಿದ. ಮಾತಾಡಿದ್ದಕ್ಕೆ ಅವನಿಗೆ ಒಂದು ವಾರ ಜಾಸ್ತಿ ಹಾಕಿದರೆಂದು ಆಮೇಲೆ ತಿಳಿಯಿತು. ನಾನು ಓದಿದ್ದಕ್ಕೆ ನನಗೇನೂ ಆಗಲಿಲ್ಲ.

ಮನೆಗೆ ಹೋಗಲಿಲ್ಲ. ವಿಲೋಡೀನಳ ಮನೆಗೆ ಹೋದೆ. ಅವಳು ಹಿಂದಿನ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಕನ್ನಡಕವಿಲ್ಲ ಅಂದಳು. ನಾನೇ ಓದಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಅವಳ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಹಾಗೇ ಇತ್ತು.

"ಬಟ್ಟೆ ಚೀಲ ಜಗಲಿ ಮೇಲಿಟ್ಟಾಗ ಮಳೆ ಬರ್ತಿತ್ತು ಲೂರೇತಾ."

"ಇಡು ಅಂದೋಳು ನಾನು."

"ನೀನು ಅಂದೆ. ಇಟ್ಟೋಳು ನಾನು." ಅವಳು ಸೊಪ್ಪನ್ನು ನೆಲಕ್ಕೆ ಹಾಕಿದಳು. ಆಮೇಲೆ ನನ್ನ ಮುಖ ನೋಡದೆಯೇ, "ಈಗ ಹೋಗು ನೀನು. ಇವತ್ತು ನಿನ್ನ ನೋಡೋಕಾಗಲ್ಲ ನಂಗೆ" ಅಂದಳು.

ಹೋದೆ.

ಹೇಗೆ ಮುಗಿಯಿತು ಅಂತ ಕೇಳಬೇಡಿ. ಮುಗಿದಿಲ್ಲ. ನನ್ನ ಲೈಸೆನ್ಸು ಬಂದಿಲ್ಲ. ಬ್ಯಾಸ್ಕಮ್ ನವೆಂಬರಿನಲ್ಲಿ ಸತ್ತ. ಹುಣ್ಣು ಮೂಳೆಗೆ ಇಳಿದಿತ್ತಂತೆ. ಕಾನೂನು ನೆರವಿನ ಕಚೇರಿಗೆ ಬರೆದೆ. ನಮ್ಮ ಕೌಂಟಿಗೆ ಅವರ ವಕೀಲರು ಬರುವುದಿಲ್ಲವೆಂದು ಉತ್ತರ ಬಂತು. ಜಡ್ಜಿಗೆ ನನ್ನ ಕೈಯಲ್ಲೇ ಅರ್ಜಿ ಬರೆದು ಹಾಕಿದ್ದೇನೆ. ತಾರೀಖು ಕೊಟ್ಟಿಲ್ಲ. ಸಹಿ ಹಾಕಿದರೆ ಈಗಲೂ ಹತ್ತು ದಿನ ಅನ್ನುತ್ತಾರೆ.

ಹಾಕಿಲ್ಲ. ಹೊದಿಕೆ ಕೊಡವುತ್ತೇನೆ. ಮಂಗಳವಾರ ನಡೆದು ಹೋಗಿ ಯಂತ್ರದ ಮುಂದೆ ನಿಲ್ಲುತ್ತೇನೆ. ಒಂದೊಂದು ಹೆಸರು ಎರಡೆರಡು ಸಲ ಹಾಕುತ್ತೇನೆ, ಬರೆದ ಹಾಗೆ ಒಮ್ಮೆ, ಕರೆದ ಹಾಗೆ ಒಮ್ಮೆ. ಇಲ್ಲಿಯವರೆಗೆ ಹದಿನಾಲ್ಕು ಜನ ಸಿಕ್ಕಿದ್ದಾರೆ. ಎಲ್ಲರೂ ಹೋಗಿದ್ದರು. ಎಲ್ಲರೂ ಹೋಗಿಲ್ಲ ಅಂತಿದೆ. ಅವರಲ್ಲಿ ಐದು ಜನ ಸಹಿ ಹಾಕಿದ್ದಾರೆ. ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಮನೆ ಮನೆಗೆ ಹೋಗಿ ಹೇಳುತ್ತೇನೆ. ಕೆಲವರು ಒಳಗೆ ಕರೆಯುತ್ತಾರೆ. ಕೆಲವರು, ಸುಮ್ಮನಿರೇ ತಾಯಿ, ಇನ್ನೊಂದು ಕೇಸು ಮೈಮೇಲೆ ಹಾಕಿಸಬೇಡ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ.

ಮೊದಲ ಮೂರು ಮಂಗಳವಾರ ಹೀಗೆ ಒಬ್ಬಳೇ ಹೋಗಿದ್ದೆ. ನಾಲ್ಕನೇ ಮಂಗಳವಾರ ನಾನು ಹೋಗುವಷ್ಟರಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ವಿಲೋಡೀನ್ ಕೂತಿದ್ದಳು. ಭಾನುವಾರದ ಹ್ಯಾಟು ಹಾಕಿಕೊಂಡಿದ್ದಳು. ನನ್ನ ಜೊತೆ ಮಾತಾಡಲಿಲ್ಲ. ಒಳಗೆ ಬಂದಳು, ಸಾಲಿನಲ್ಲಿ ನನ್ನ ಮುಂದೆ ನಿಂತಳು.

"ಏನು ಬೇಕು ಹನಿ?" ಎಂದಳು ಕೇಟ್ಲಿನ್.

"ಒಂದು ನಕಲು ಬೇಕು."

"ಯಾವುದರದ್ದು?"

"ನನ್ನ ಮಗ ಸುಳ್ಳು ಹೇಳಿರ್ಲಿಲ್ಲ ಅಂತ ಎಲ್ಲಿ ಬರೆದಿದೀರೋ, ಅದರದ್ದು."

ಕೇಟ್ಲಿನ್ ನಗಲು ಹೋದಳು. ನಗು ಬರಲಿಲ್ಲ. ಮಿಸೆಸ್ ಪ್ರೂಯಿಟ್ ಕಡೆ ತಿರುಗಿದಳು. ಅವಳು ಕನ್ನಡಕದ ಮೇಲಿಂದ ನೋಡಿ, "ಅಂಥದ್ದಕ್ಕೆ ನಮ್ಮಲ್ಲಿ ಫಾರಂ ಇಲ್ಲ" ಅಂದಳು.

"ಇಲ್ವಾ?" ವಿಲೋಡೀನ್ ತನ್ನ ಕೈಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎರಡು ಮೊಣಕೈ ಊರಿ ನಿಂತಳು. "ಹಾಗಾದ್ರೆ ಮಾಡಿ. ಕಾಯ್ತೀನಿ."